ಗೆರೆಯ ಎಡಗಡೆ

ನಿನ್ನೆ ಹೈದರಾಬಾದಿನ ಮಣಿಕೊಂಡದ ಹತ್ತಿರದ ನಮ್ಮ ಆಫೀಸಿನಲ್ಲಿ ಹೊಸ ಮಾರ್ಕರಿನ ಮುಚ್ಚಳ ತೆಗೆದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮೊದಲ ಪ್ರಾಜೆಕ್ಟ್ ಮ್ಯಾನೇಜರ್ ಬೋರ್ಡಿನ ಮುಂದೆ ಬಂದು ನಿಂತುಬಿಟ್ಟರು...

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಾಲ ಅದು. ಅವರು ಬೀದರ್ ಕಡೆಯವರು. ಉಳಿದವರೊಡನೆ ಹಿಂದಿ, ತೆಲುಗು. ಮೈಸೂರಿನಿಂದ ಬಂದಿದ್ದ ನನ್ನೊಡನೆ ಮಾತ್ರ ಕನ್ನಡ. ಸೋಮವಾರ ಬೆಳಿಗ್ಗೆ ಬೋರ್ಡಿನ ನಡುವೆ ಒಂದು ಗೆರೆ ಎಳೆಯುವುದು ಅವರ ಪದ್ಧತಿ. ಕೆಲಸಕ್ಕೆ ಅಡ್ಡಬರುವುದು ಏನೇ ಇರಲಿ, ಎಡಕ್ಕೆ ಒಳಗಿನ ಕಾರಣ, ಬಲಕ್ಕೆ ಹೊರಗಿನದು ಎಂದು ವಿಂಗಡಿಸಬೇಕು. ಕೋಡಿನ ತಪ್ಪು, ಜನ ಸಾಲದಿರುವುದು ಒಳಗೆ. ಬಂದ್, ಕರೆಂಟು, ಗಿರಾಕಿ ಕಂಪನಿಯ ಚಂಚಲ ಬುದ್ಧಿ ಹೊರಗೆ. ಒಳಗಿನದಕ್ಕೆ ನಾವೇ ಹೊಣೆ, ಹೊರಗಿನದಕ್ಕೆ ದೇವರೇ ದಿಕ್ಕು.

ಒಮ್ಮೆ ನನ್ನ ಅಮ್ಮನ ಆಪರೇಷನ್ನಿಗೆ ರಜೆ ಬೇಕಾಯಿತು. ಹೆದರುತ್ತಲೇ ಅದನ್ನು ಹೊರಗಿನ ಪಾಲಿಗೆ ಬರೆದೆ. ಅವರು ಅಂಗೈಯಿಂದಲೇ ಅಳಿಸಿದರು.

"ನೀ ನಮ್ಮ ಒಳಗಿದ್ದಿ ಅಂದಮ್ಯಾಲ ನಿಮ್ಮವ್ವ ಹೊರಗ ಹೆಂಗಾಗ್ತಾಳ, ತಂಗಿ? ನಿನ್ನ ಕೆಲಸ ನಾವು ಹಂಚ್ಕೋತೀವಿ, ಹೋಗಿ ಬಾ."

ಯಾವ ತರಬೇತಿಯಲ್ಲೂ ಕಲಿಸದ ವಿಂಗಡಣೆ ಅದು. ಕಂಪನಿಯ ಮೇಲಿನವರು ಇದನ್ನು ಕಂಡು ನಗುತ್ತಿದ್ದರು. ನಮಗೆ ಆ ಗೆರೆಯ ಎಡಗಡೆ ಮನೆಯ ಹಾಗಿತ್ತು.

ತಮ್ಮ ವಿಷಯಕ್ಕೆ ಬಂದರೆ ಮಾತ್ರ ಈ ಮನುಷ್ಯ ಶುದ್ಧ ಮೊಂಡ. ಒಂದು ಪ್ರಾಜೆಕ್ಟು ಒಪ್ಪಿಸುವ ದಿನ ಹತ್ತಿರ ಬಂದಿತ್ತು. ತಪ್ಪಿದರೆ ನಮ್ಮನ್ನೆಲ್ಲ ಮನೆಗೆ ಕಳಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಒಂದು ಮಧ್ಯಾಹ್ನ ನಮ್ಮ ಮ್ಯಾನೇಜರ್ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಕೇಳಿದರೆ, ಡಾಕ್ಟರು ಆಗಲೇ ಆಸ್ಪತ್ರೆಗೆ ಸೇರಲು ಹೇಳಿಯಾಗಿತ್ತಂತೆ! "ಇದನ್ನೂ ಒಳಗೇ ಬರೀರಿ ಸರ್, ನಾವು ಹಂಚ್ಕೋತೀವಿ" ಎಂದು ಗೋಗರೆದೆ.

"ಇದು ನನ್ನ ಖಾಸಗಿ ಐತಿ, ಬಿಡು. ಕೆಲಸ ಮುಗೀಲಿ, ಆಮ್ಯಾಲ ನೋಡೋಣು."

ಮುಗಿಯಲಿಲ್ಲ... ಮುಂದಿನ ಸೋಮವಾರ ಖಾಲಿ ಬೋರ್ಡಿನ ಮುಂದೆ ಕಾಯುತ್ತಿದ್ದಾಗ ಅವರು ತೀರಿಹೋದ ಸುದ್ದಿ ಬಂತು. ನಾರಾಯಣಗೂಡದ ಅವರ ಮನೆಗೆ ಓಡಿದೆವು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿಮ್ಮೆಲ್ಲಾರ ಮನಿ ನೋವು ನನಗ ಹೇಳ್ತಿದ್ರು ನೋಡ್ರಿ, ತಮ್ಮದಷ್ಟ ಹೇಳಲಿಲ್ಲ" ಎಂದರು.

ಒಪ್ಪಿಸುವ ದಿನ ತಪ್ಪಿತು. ಗಿರಾಕಿ ಕಂಪನಿಗೆ ಹೋದ ವರದಿಯಲ್ಲಿ, ವಿಳಂಬಕ್ಕೆ ಹೊರಗಿನ ಕಾರಣಗಳು ಎಂಬಲ್ಲಿ, ಬಂದ್ ಮತ್ತು ಕರೆಂಟಿನ ಕೆಳಗೆ ಅವರ ಸಾವಿತ್ತು. ನನಗೆ ಮೈ ಉರಿದುಹೋಯಿತು. ಮೇಲಿನವರ ಹತ್ತಿರ ಹೋಗಿ ಜಗಳವಾಡಿದೆ. ಹೊರಗಿನದಾದರೆ ತಪ್ಪು ನಮ್ಮದಲ್ಲ, ಅದಕ್ಕೇ ನಿಮ್ಮ ಕೆಲಸ ಉಳಿದಿದೆ ಎಂದರು. ಅದು ನಿಜವೂ ಆಗಿತ್ತು. ಯಾರನ್ನೂ ಮನೆಗೆ ಕಳಿಸಲಿಲ್ಲ.

ಈಗ ಸೋಮವಾರದ ಗೆರೆ ಎಳೆಯುವವಳು ನಾನು. ನನ್ನ ಜನರ ಮನೆಯ ಕಾಯಿಲೆ, ಹೆರಿಗೆ, ಸಾವು, ಯಾರೇ ಬಲಕ್ಕೆ ಬರೆದರೂ ಅಂಗೈಯಿಂದ ಅಳಿಸಿ ಎಡಕ್ಕೆ ಬರೆಯುತ್ತೇನೆ. ಅವರು ಮಾತ್ರ ಆ ಹಳೆಯ ವರದಿಯಲ್ಲಿ ಇನ್ನೂ ಹೊರಗೇ ಇದ್ದಾರೆ... ಅಲ್ಲಿಗೆ ನನ್ನ ಅಂಗೈ ಎಟುಕುವುದಿಲ್ಲ.