ಪುಂಡಲೀಕಪ್ಪ ಮಾಸ್ತರರ ಗೊರಿಲ್ಲಾ ಪ್ರವಾಸ

ಲಕ್ಷ್ಮೇಶ್ವರದ ಪುಂಡಲೀಕಪ್ಪ ಮಾಸ್ತರರು ಸುಮಾರು ಮೂವತ್ತು ವರ್ಷ ಪ್ರತಿ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವರು. ಒಂದು ಮಗುವೂ ಎಲ್ಲೂ ತಪ್ಪಿಸಿಕೊಳ್ಳಲಿಲ್ಲ ಎಂಬುದು ಅವರ ಹೆಮ್ಮೆ. ಬಸ್ಸು ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ತಲೆ ಎಣಿಸದೆ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಬುತ್ತಿ ಕಟ್ಟುತ್ತಿದ್ದವರು ಅವರ ಹೆಂಡತಿ ಶಾರದವ್ವ. ಹಿಂದಿನ ದಿನವಿಡೀ ಒಲೆಯ ಮುಂದೆ ಕೂತು ನಲವತ್ತು ಮಕ್ಕಳಿಗೆ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಸ್ಸು ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೈ ಬೀಸಿ ಒಳಗೆ ಹೋಗುತ್ತಿದ್ದರು. ಮಾಸ್ತರರ ಎಣಿಕೆಯಲ್ಲಿ ಆ ತಲೆ ಒಮ್ಮೆಯೂ ಸೇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿವೃತ್ತಿಯಾದರೂ ಡಿಸೆಂಬರ್ ಬಂತೆಂದರೆ ಮಾಸ್ತರರ ಕಾಲು ಒಂದೆಡೆ ನಿಲ್ಲದು. ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ ಹಳೆಯ ಜೊತೆಗಾರ ಖಾಜಾಸಾಬ ಮಾಸ್ತರರ ಕೂಡ ಕೂತು, ಯುಗಾಂಡಾದ ಕಾಡಿಗೆ ಹೋಗಿ ಗೊರಿಲ್ಲಾ ನೋಡಿಯೇ ಬರುವುದೆಂದು ನಿಶ್ಚಯಿಸಿದರು. ಎರಡೂ ಮನೆಯ ಗಂಡಹೆಂಡತಿ, ಅದೂ ಕ್ರಿಸ್‌ಮಸ್ ರಜೆಯಲ್ಲಿ. ದಿನವೂ ರಜೆಯೇ ಆಗಿದ್ದವರಿಗೆ ರಜೆಯಲ್ಲೇ ಹೋಗುವ ಚಟ ಮಾತ್ರ ಬಿಟ್ಟಿರಲಿಲ್ಲ. ಗುಡ್ಡವನ್ನು ನಡೆದೇ ಹತ್ತಬೇಕು, ನೆಗಡಿ ಇದ್ದವರನ್ನು ಹತ್ತಿರ ಬಿಡುವುದಿಲ್ಲ, ನೋಡಲು ಸಿಗುವುದು ಒಂದೇ ತಾಸು ಎಂದು ಪಾಠದಂತೆ ಬರೆದು ಗೋಡೆಗೆ ಅಂಟಿಸಿದರು. ಕಾಡಿನ ಪರವಾನಗಿ ಡಿಸೆಂಬರ್ ಮೂವತ್ತಕ್ಕೆ ಸಿಕ್ಕಿತು.

ಶಾರದವ್ವ ಅಡುಗೆಮನೆಯ ಕ್ಯಾಲೆಂಡರ್ ನೋಡಿದರು. "ಅವತ್ತ ಎಳ್ಳ ಅಮಾಸಿ ಐತ್ರಿ. ನಾ ಬರೂದಿಲ್ಲ."

ಅಂದು ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಎಡೆ ಹಿಡಿದು, ಬೆಳೆಯ ಸುತ್ತ ಆ ಅಡುಗೆಯನ್ನು ಚರಗವೆಂದು ಚೆಲ್ಲಬೇಕು. ಕುರ್ತಕೋಟಿಯ ತಮ್ಮ ಹೊಲದಲ್ಲಿ ಶಾರದವ್ವ ಮದುವೆಯಾದಂದಿನಿಂದ ಅದನ್ನು ತಪ್ಪಿಸಿರಲಿಲ್ಲ. ಮಾಸ್ತರರು ಮಾತ್ರ ಎಷ್ಟೋ ವರ್ಷ ಆ ಹೊತ್ತಿಗೆ ಮಕ್ಕಳೊಂದಿಗೆ ಪರವೂರಲ್ಲಿರುತ್ತಿದ್ದರು. ಶಾಲೆಯ ರಜೆಯ ಪಟ್ಟಿ ಅವರಿಗೆ ಬಾಯಿಪಾಠ. ಅಮಾವಾಸ್ಯೆ ಎಂದೆಂಬುದು ಗೊತ್ತಿಲ್ಲ.

"ಈ ವರ್ಷ ಹೊಲ ಮಾಡಾವ್ರ ಚರಗ ಚೆಲ್ಲಲಿ. ಹೆಸರು ಹಚ್ಚಿದ್ದು ಆಗೇತಿ" ಎಂದರು ಮಾಸ್ತರರು.

"ಹಚ್ಚೂ ಮುಂದ ನನ್ನ ಕೇಳಿದ್ರೇನು?" ಶಾರದವ್ವ ಹಿಟ್ಟು ನಾದುತ್ತಲೇ ಹೇಳಿದರು. "ಅಷ್ಟು ವರ್ಷ ಊರ ಮಕ್ಕಳನ್ನ ಕರಕೊಂಡು ಹೋದ್ರಿ. ನೀ ಬರ್ತಿಯೇನು ಅಂತ ಒಮ್ಮೆನೂ ಅನ್ನಲಿಲ್ಲ. ಈಗೂ ಹೇಳಿದ್ರಿ, ಕೇಳಲಿಲ್ಲ."

ಇಡೀ ಶಾಲೆಯನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ಮಾಸ್ತರರು ತಪ್ಪು ಸಿಕ್ಕ ಹುಡುಗನಂತೆ ತಲೆ ಕೆರೆದುಕೊಂಡರು. ಇಪ್ಪತ್ತೈದು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಮೈಸೂರಿನಿಂದ ಮರಳಿದ ಮಕ್ಕಳು ಅಂಗಳದಲ್ಲಿ ಕೂತು, ಮೃಗಾಲಯದ ಗೊರಿಲ್ಲಾ ಬಾಳೆಹಣ್ಣು ಸುಲಿದದ್ದನ್ನೂ ಜನಕ್ಕೆ ಬೆನ್ನು ಮಾಡಿ ಕೂತದ್ದನ್ನೂ ಮಾಡಿ ತೋರಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಡುವೆ ಕೂತಿದ್ದ ಶಾರದವ್ವ. ಆಗ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಮಕ್ಕಳು ಹೋದ ಮೇಲೆ ಗಂಡನನ್ನು ಕೇಳಿದ್ದರು: "ಅದಕ್ಕ ಜೋಡಿ ಯಾರೂ ಇಲ್ಲೇನ್ರಿ?"

"ದಣದೇನಿ, ನಾಳೆ ಹೇಳ್ತೀನಿ" ಎಂದು ಮಾಸ್ತರರು ಮಲಗಿದ್ದರು. ಆ ನಾಳೆ ಬರಲೇ ಇಲ್ಲ. ಈಗ ಅದನ್ನು ನೆನೆದು, ಎಂಥ ದಡ್ಡ ನಾನು ಎಂದುಕೊಂಡರು.

ಖಾಜಾಸಾಬರಿಗೆ ಫೋನ್ ಮಾಡಿ, "ನೀವಿಬ್ಬರೂ ಹೋಗಿ ಬರ್ರಿ. ನಾವು ಅಮಾಸಿ ಮಾಡ್ತೀವಿ" ಎಂದರು.

"ಬುದ್ಧಿ ಬರಾಕ ಪೆನ್ಷನ್ ಬರಬೇಕಾತು ನೋಡ್ರಿ" ಎಂದು ಖಾಜಾಸಾಬರು ನಕ್ಕರು.

ಅಮಾವಾಸ್ಯೆಯಂದು ಶಾರದವ್ವ ಚರಗದ ಬುಟ್ಟಿ ಹಿಡಿದು ಬಿಳಿಜೋಳದ ಅಂಚಿನಲ್ಲಿ ನಡೆದರು. ನೀರಿನ ತಂಬಿಗೆ ಹಿಡಿದು ಮಾಸ್ತರರು ಹಿಂದೆ. ಹೊಲ ಒಂದು ಸುತ್ತು ಬರುವಷ್ಟರಲ್ಲಿ ಮಾಸ್ತರರು ಎರಡು ಸಲ ಬದುವಿನ ಮೇಲೆ ಕೂತರು. ಶಾರದವ್ವ ಎಲ್ಲೂ ನಿಲ್ಲಲಿಲ್ಲ. ಇಷ್ಟು ವರ್ಷ ಈ ನಡಿಗೆಯನ್ನು ತಾನು ನೋಡಿಯೇ ಇಲ್ಲವಲ್ಲ ಎಂದು ಮಾಸ್ತರರಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಬೇವಿನ ನೆರಳಲ್ಲಿ ಊಟಕ್ಕೆ ಕೂತಾಗ ಮಾಸ್ತರರು ಶಾಲಾ ಇನ್‌ಸ್ಪೆಕ್ಟರರ ಮುಂದೆ ನಿಂತವರಂತೆ ಗಂಟಲು ಸರಿಮಾಡಿಕೊಂಡರು.

"ಫೆಬ್ರವರಿಯೊಳಗ ಮತ್ತ ಪರವಾನಗಿ ಸಿಗತೈತಂತ. ಗೊರಿಲ್ಲಾ ನೋಡಾಕ ನೀ ನನ್ನ ಜೋಡಿ ಬರ್ತಿಯೇನು?"

ಶಾರದವ್ವ ಅವರ ತಟ್ಟೆಗೆ ಇನ್ನೊಂದು ಸಜ್ಜೆ ಕಡಬು ಹಾಕಿದರು. ಕಣ್ಣು ತುಂಬಿ ಬಂದಿತ್ತು, ಮುಚ್ಚಿಡಲು ಹೋಗಲಿಲ್ಲ.

"ಬರ್ತೀನ್ರಿ" ಎಂದರು. "ಇಪ್ಪತ್ತೈದು ವರ್ಷ ಆತು, ತಯಾರಾಗೇ ಕುಂತೀನಿ."