ಗಾಳಿಗೆ ಬಾಗಿಲು ಹಾಕಿದ ಮನೆ

ಯಾರಾದರೂ ಅಂಗೈಯಲ್ಲಿ ತಂಬಾಕು ತಿಕ್ಕಿ, ಇನ್ನೊಂದು ಕೈಯಿಂದ ತಟ್ಟಿ ಧೂಳು ಹಾರಿಸಿದರೆ ಸಾಕು, ನನ್ನ ಎದೆ ಬಿಗಿಯುತ್ತದೆ. ಕಣ್ಣು ಮುಚ್ಚಿದರೆ ಹುಕ್ಕೇರಿ ಸೀಮೆಯ ನಮ್ಮ ವಾಡೆಯ ಪಡಸಾಲೆಯಲ್ಲಿ ಲಂಗ ಮಡಚಿಕೊಂಡು ಕೂತಿರುತ್ತೇನೆ. ಆ ವಾಸನೆಯನ್ನು ಖಮಂಗ, ಘಮಘಮ ಎನ್ನುವವರಿದ್ದಾರೆ, ಅನ್ನಲಿ ಬಿಡಿ. ನನಗೆ ಅದು ಪೆಟ್ಟಿನ ವಾಸನೆ. ನಮ್ಮ ಮನೆಯಲ್ಲಿ ತಂಬಾಕನ್ನೂ ಬಡಿಯುತ್ತಿದ್ದರು, ಮನುಷ್ಯರನ್ನೂ ಬಡಿಯುತ್ತಿದ್ದರು. ಹೊರಗೆ ಕೂತು ಕೇಳುವವರಿಗೆ ಎರಡರ ಸಪ್ಪಳದಲ್ಲಿ ಹೆಚ್ಚು ಫರಕು ಗೊತ್ತಾಗುತ್ತಿರಲಿಲ್ಲ. ಚಳಿ ಮುಗಿಯುತ್ತ ಬಂದಂತೆ ಒಣಗಿದ ಎಲೆ ಚಕ್ಕಡಿ ಚಕ್ಕಡಿಯಾಗಿ ಬಂದು ಬೀಳುತ್ತಿತ್ತು. ದೇವರ ಮನೆಯ ಹಿಂದೆಯೇ ಎಲೆ ಕೂಡಿಡುವ ವಖಾರಿ, ನಡುವೆ ಒಂದು ಹಲಗೆಯ ಗೋಡೆ ಅಷ್ಟೇ. ಮೂಗಿಗೆ ಅರಿವೆ ಕಟ್ಟಿಕೊಂಡ ಆಳುಗಳು ಬಡಿಗೆ ಹಿಡಿದು ಎಲೆಯ ರಾಶಿಯನ್ನು ಬಡಿದು ಪುಡಿ ಮಾಡುತ್ತಿದ್ದರು. ಆ ಧೂಳು ರೊಟ್ಟಿಯ ಮೇಲೆ, ಹಾಲಿನ ಗಡಿಗೆಯಲ್ಲಿ, ನಮ್ಮ ಜಡೆಗಳಲ್ಲಿ. ಎರೆದುಕೊಂಡರೆ ತಲೆಯಿಂದ ಕಂದು ನೀರು ಇಳಿಯುತ್ತಿತ್ತು. ವಖಾರಿಯ ಪಡುವಣ ಗೋಡೆಗೆ ಒಂದು ದೊಡ್ಡ ಕಿಡಕಿ ಇತ್ತಂತೆ. ನಾನು ಹುಟ್ಟುವ ಮೊದಲೇ ಅಜ್ಜ ಅದಕ್ಕೆ ಕಲ್ಲು ಮಣ್ಣು ತುಂಬಿ ಮುಚ್ಚಿಸಿದ್ದ. ಒಣ ಗಾಳಿ ತಾಗಿದರೆ ಎಲೆ ಗರಿಗರಿಯಾಗಿ ನುಚ್ಚಾಗುತ್ತದೆ, ತೂಕ ಇಳಿಯುತ್ತದೆ. ಎಲೆಗೆ ಗಾಳಿ ಬೇಡವಾಗಿತ್ತು, ಹಾಗಾಗಿ ನಮಗೂ ಇರಲಿಲ್ಲ.

ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು. ಎತ್ತರದ ಆಳು, ಬಿಳಿ ರುಮಾಲು, ಹಣೆ ತುಂಬ ವಿಭೂತಿ. ದಿನಾ ಬೆಳಿಗ್ಗೆ ತಪ್ಪದೆ ಲಿಂಗಪೂಜೆ, ಹಚ್ಚಿದ ವಿಭೂತಿ ಒಣಗುವುದರೊಳಗೆ ಯಾರಿಗಾದರೂ ಬಾರಕೋಲಿನ ಏಟು. ಎತ್ತಿಗೆ ಹೊಡೆಯುತ್ತಿದ್ದ, ಆಳಿಗೆ ಹೊಡೆಯುತ್ತಿದ್ದ, ಮೀಸೆ ಬಂದ ನನ್ನ ಅಪ್ಪನಿಗೆ ಹೆಂಡತಿ ಮಕ್ಕಳೆದುರೇ ಹೊಡೆಯುತ್ತಿದ್ದ. ನನ್ನ ಅಜ್ಜಿ, ಅಂದರೆ ಆಯಿಗೆ, ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಸುಳ್ಳು ಯಾಕೆ ಹೇಳಲಿ, ಅದೇ ಕೈ ಸಂಕೇಶ್ವರದ ಸಂತೆಯಿಂದ ನನಗೆ ಬೆಂಡು ಬತ್ತಾಸು ತರುತ್ತಿತ್ತು, ನಿದ್ದೆ ಹತ್ತುವವರೆಗೆ ನನ್ನ ಬೆನ್ನು ಕೆರೆಯುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದರೆ ನಿಮಗೆ ಗೊತ್ತಿರುತ್ತದೆ, ಪ್ರೀತಿಗೂ ಹೆದರಿಕೆಗೂ ನಡುವೆ ಗೆರೆ ಎಳೆಯಲು ಬರುವುದಿಲ್ಲ. ನನಗೆ ಇಂದಿಗೂ ಬಂದಿಲ್ಲ.

ಮುತ್ಯಾನ ಕಿರಿಯ ಮಗ ಬಸಲಿಂಗ ಕಾಕಾ. ಹಾಡುಗಾರ, ನಗೆಗಾರ, ಬೇವಿನ ಮರ ಹತ್ತಿ ನಮಗೆ ಜೋಕಾಲಿ ಕಟ್ಟುತ್ತಿದ್ದವನು. ಮೀಸೆ ಮೂಡುವ ಮೊದಲೇ ಮುತ್ಯಾ ಅವನನ್ನು ವಖಾರಿಯ ಒಳಗೆ ಬಡಿಗೆಯವರ ಮೇಲೆ ನಿಗಾ ಇಡಲು ನಿಲ್ಲಿಸಿದ. ಮೊದಲು ಹಾಡು ನಿಂತಿತು, ಆಮೇಲೆ ನಗು. ಆಮೇಲೆ ದಮ್ಮು ಶುರುವಾಯಿತು. ಮಾತಾಡುತ್ತ ಆಡುತ್ತ ಬಾಯಿ ತೆರೆದು, ಭುಜ ಮೇಲೆತ್ತಿ, ಉಸಿರಿಗಾಗಿ ತಡಕಾಡುತ್ತಿದ್ದ. ಎದೆಯೊಳಗಿಂದ ಸೀಟಿಯಂಥ ಸಪ್ಪಳ ಬರುತ್ತಿತ್ತು. ಊಟಕ್ಕೆ ಕೂತಾಗ ನಾವು ಮಕ್ಕಳು ತುತ್ತು ನಿಲ್ಲಿಸಿ ಅದನ್ನೇ ಕೇಳುತ್ತಿದ್ದೆವು, ಇಡೀ ಮನೆಯೇ ಅದನ್ನು ಕೇಳುತ್ತಿತ್ತು. ದುಡಿಯಲು ಒಲ್ಲದವನ ಸೋಗು ಎನ್ನುವುದು ಮುತ್ಯಾನ ತೀರ್ಪು, ಸೋಗು ಬಿಡಿಸಲು ಬಾರಕೋಲಿತ್ತಲ್ಲ.

ಆಯಿಯ ಅಣ್ಣ ಮೂಡಲಗಿ ಹತ್ತಿರದ ಕಲ್ಲೋಳಿಯವನು, ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ, ಎಲ್ಲರೂ ವಸ್ತಾದ ಎನ್ನುತ್ತಿದ್ದರು. ಅವನು ಒಮ್ಮೆ ಬಂದಾಗ ಕಾಕಾನ ಬೆನ್ನಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದಕ್ಕಿಂತ ಸಾವಕಾಶವಾಗಿ ಬಿಡಬೇಕು, ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಹೊಲದಲ್ಲಿ ಮಲಗಬೇಕು ಎಂದೆಲ್ಲ ಹೇಳಿ, ಕಡೆಗೆ ಮುತ್ಯಾನ ಕಡೆ ತಿರುಗಿ, "ಹುಡುಗಗ ಔಷಧ ಬ್ಯಾಡ್ರಿ, ಗಾಳಿ ಬೇಕು. ನನ್ನ ಕೂಡ ಕಳಸ್ರಿ," ಎಂದ. ಹೆಂಡತಿಯ ತವರಿನ ಅನ್ನದಲ್ಲಿ ತನ್ನ ಮಗ ಬೆಳೆಯುವುದೆಂದರೆ ಮುತ್ಯಾನಿಗೆ ಸಾವಿಗಿಂತ ಕಡೆ. ವಸ್ತಾದನ ಗಂಟು ಓಣಿಯ ಕೆಸರಿಗೆ ಬಿತ್ತು. ಎದೆಗೆ ಕೈ ಹಚ್ಚಿ ದೂಡಿದ ರಭಸಕ್ಕೆ ಆ ಜಟ್ಟಿ ಹೊಸ್ತಿಲು ಎಡವಿ ಬಿದ್ದ. ಎದ್ದವನು ತಿರುಗಿ ಕೈ ಎತ್ತಲಿಲ್ಲ, ತಂಗಿಯ ಮುಖ ನೋಡಿ ಹೋದ. ಅಂದಿನಿಂದ ಆಯಿಗೆ ತವರಿನ ದಾರಿ ಬಂದಾಯಿತು, ಕಾಕಾನಿಗೆ ಬದುಕುವ ದಾರಿಯೂ.

ಗೋಕಾವಿ, ಅಂದರೆ ಗೋಕಾಕದ ಕಡೆಯಿಂದ ಬರೆ ಹಾಕುವವನೊಬ್ಬ ಬಂದ. ದಮ್ಮಿನವರ ಎದೆಗೆ ಕಾದ ಕಬ್ಬಿಣ ಇಟ್ಟರೆ ದಮ್ಮು ಸುಟ್ಟುಹೋಗುತ್ತದೆ ಎಂದು ಆಗ ನಂಬಿದ್ದರು. ಅಂಗಳದಲ್ಲಿ ಹಗಲು ಹೊತ್ತಿನಲ್ಲೇ ಕಾಕಾನನ್ನು ಅಂಗಾತ ಕೆಡವಿದರು. ಆಳುಗಳು ಕೈ ಹಿಡಿದರು, ನನ್ನ ಅಪ್ಪ ಕಾಲು ಹಿಡಿದ. ಬೆಂಕಿ ಊದುವ ಕೆಲಸ ಆಯಿಯದು. ಊದುಗೊಳವಿ ಹಿಡಿದು ಊದುತ್ತ ಊದುತ್ತ ಅವಳಿಗೆ ನಡುನಡುವೆ ಕೆಮ್ಮು ಬರುತ್ತಿತ್ತು, ಸೆರಗು ಬಾಯಿಗೊತ್ತಿ ಮತ್ತೆ ಊದುತ್ತಿದ್ದಳು. ಮಗನನ್ನು ಸುಡುವ ಬೆಂಕಿಗೆ ತಾಯಿಯ ಉಸಿರು. ಕಬ್ಬಿಣ ಕೆಂಪಗೆ ಕಾದು ಎದೆಗೆ ಮುಟ್ಟಿದಾಗ ಬಂದ ಚುರ್ ಎನ್ನುವ ಸಪ್ಪಳವನ್ನೂ ಆ ವಾಸನೆಯನ್ನೂ ನಾನು ಬರೆಯಲಾರೆ. ಕಾಕಾ ಒಮ್ಮೆ ಚೀರಿದ, ಅರ್ಧಕ್ಕೇ ನಿಂತುಹೋಯಿತು. ಚೀರಲಿಕ್ಕೂ ಉಸಿರು ಬೇಕಲ್ಲ, ಅವನಲ್ಲಿ ಅಷ್ಟಿರಲಿಲ್ಲ. ಕಣ್ಣುಗುಡ್ಡೆ ಮೇಲೆ ಹೋದವು, ಹಿಮ್ಮಡಿಗಳು ನೆಲಕ್ಕೆ ಬಡಿದುಕೊಂಡವು, ಅಪ್ಪ ಮುಖ ಆಚೆ ತಿರುಗಿಸಿ ಇನ್ನೂ ಬಿಗಿಯಾಗಿ ಹಿಡಿದ. ಗಾಯ ಕೀವಾಗಿ, ಮಾಯ್ದು, ಎದೆಯ ಮೇಲೆ ಹೊಳೆಯುವ ಗೆರೆಗಳು ಉಳಿದವು. ದಮ್ಮು ಹಾಗೇ ಇತ್ತು. ಬೇಸಿಗೆ ಬಂದಂತೆ ಹೆಚ್ಚಾಯಿತು. ಕಬ್ಬಿಣ ಸರಿಯಾಗಿ ಕಾದಿರಲಿಲ್ಲ, ಈ ಸಲ ಬೆನ್ನಿಗೂ ಇಡಬೇಕು ಎಂದು ಮುತ್ಯಾ ಮತ್ತೆ ಅದೇ ಮನುಷ್ಯನಿಗೆ ಹೇಳಿ ಕಳಿಸಿದ. ಕಾಕಾ ಆಗ ಎಲುಬಿನ ಗೂಡಾಗಿದ್ದ. ಇನ್ನೊಂದು ಬರೆ ಬಿದ್ದರೆ ಅವನು ಏಳುವುದಿಲ್ಲ ಎನ್ನುವುದು ಆಳುಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಬರೆ ಹಾಕುವವನು ಬಂದ ದಿನ ಮುಂಜಾನೆಯಿಂದಲೇ ಬಿಸಿ ಗಾಳಿ ಬೀಸುತ್ತಿತ್ತು. ಅಂಗಳದಲ್ಲಿ ಬೆಂಕಿ ಹಾಕಿದರು, ಕಾಕಾನ ಅಂಗಿ ಬಿಚ್ಚಿಸಿದರು, ಆಯಿಯ ಕೈಗೆ ಊದುಗೊಳವಿ ಕೊಟ್ಟರು. ಆಯಿ ಅದನ್ನು ನೆಲದ ಮೇಲಿಟ್ಟಳು. ಎದ್ದು ದನದ ಕೊಟ್ಟಿಗೆಗೆ ಹೋಗಿ, ಕಲ್ಲು ಮೀಟುವ ಕಬ್ಬಿಣದ ಹಾರಿ ತಂದಳು. ನೇರವಾಗಿ ವಖಾರಿಗೆ ಹೋದಳು. ಮೊದಲ ಹೊಡೆತಕ್ಕೆ ಮಣ್ಣು ಉದುರಿತು, ಎರಡನೆಯದಕ್ಕೆ ಕಲ್ಲು ಅಲುಗಿತು. ಅವಳು ಆ ಮುಚ್ಚಿದ ಕಿಡಕಿಯನ್ನು ಒಡೆಯುತ್ತಿದ್ದಾಳೆ ಎಂದು ತಿಳಿದಾಗ ಮುತ್ಯಾ ಬಾರಕೋಲು ಹಿಡಿದು ಓಡಿಬಂದ. ಅವಳ ಬೆನ್ನಿನ ಮೇಲೆ ಹೊಡೆದ. ಕುಪ್ಪಸ ಹರಿಯಿತು, ಚರ್ಮ ಹರಿಯಿತು. ಆಯಿ ಹಿಂದೆ ನೋಡಲಿಲ್ಲ. ಅವನು ಹೊಡೆದಾಗ ಅವಳೂ ಹೊಡೆದಳು, ಅವನು ಅವಳ ಬೆನ್ನಿಗೆ, ಅವಳು ಅವನ ಗೋಡೆಗೆ. ರಕ್ತ ಸೀರೆಯ ನೆರಿಗೆಯವರೆಗೆ ಇಳಿದಿತ್ತು. ಕಡೆಗೆ ದೊಡ್ಡ ಕಲ್ಲೊಂದು ಹೊರಕ್ಕೆ ಉರುಳಿ ಬಿತ್ತು, ಅದರ ಹಿಂದೆ ಉಳಿದವೂ ಬಿದ್ದವು. ಪಡುವಣ ಗಾಳಿ ಒಳಗೆ ನುಗ್ಗಿತು. ರಾಶಿ ಹಾಕಿದ ಎಲೆ ಮೇಲೆದ್ದು, ಗಿರಗಿರ ತಿರುಗಿ, ಗೋಡೆಗೆ ಬಡಿದು ಪುಡಿಪುಡಿಯಾಯಿತು. ಇಡೀ ವರ್ಷದ ಮಾಲು ನಮ್ಮ ಕಣ್ಣೆದುರು ಹಾರಿ ಓಣಿಗೆ ಹೋಯಿತು. ಮುತ್ಯಾ ಒಂದು ಕ್ಷಣ ಎಲೆ ಹಿಡಿಯಬೇಕೋ ಹೆಂಡತಿಯನ್ನು ಹಿಡಿಯಬೇಕೋ ತಿಳಿಯದೆ ನಿಂತ, ಆಮೇಲೆ ಬಾರಕೋಲು ತಿರುಗಿಸಿ ಹಿಡಿದು, ಕೋಲಿನ ತುದಿಯಿಂದ ಅವಳ ತಲೆಗೆ ಬೀಸಿದ.

ಆ ಏಟು ಬೀಳಲಿಲ್ಲ. ಕಾಕಾ ನಡುವೆ ಬಂದು ಕೋಲು ಹಿಡಿದಿದ್ದ. ಬರಿಮೈ, ಎದೆಯ ಮೇಲೆ ಆ ಗೆರೆಗಳು, ಬಾಯಿಂದ ಸೀಟಿ. ಎಲ್ಲಿಂದ ಶಕ್ತಿ ಬಂತೋ, ಕೋಲು ಕಿತ್ತುಕೊಂಡು ಮುತ್ಯಾನನ್ನು ಗೋಡೆಗೆ ಒತ್ತಿ, ಗಂಟಲಿಗೆ ಅಡ್ಡ ಹಿಡಿದ. ಮುತ್ಯಾನ ರುಮಾಲು ಕೆಳಗೆ ಬಿತ್ತು. ಕಾಕಾನ ಕಣ್ಣಿನಲ್ಲಿದ್ದದ್ದು ಕೊಲೆ, ಬೇರೆ ಹೆಸರು ನನಗೆ ಗೊತ್ತಿಲ್ಲ. ಯಾರೂ ಬಿಡಿಸಲು ಹೋಗಲಿಲ್ಲ. ಆಯಿ ಹಾರಿ ಒರಗಿಸಿಟ್ಟು ಹತ್ತಿರ ಬಂದು ಮಗನ ಮೊಣಕೈ ಮುಟ್ಟಿದಳು.

"ಬಿಡಪಾ," ಎಂದಳು. "ಆ ಉಸರು ಇವರ ಮ್ಯಾಲ ಹಾಳ ಮಾಡಬ್ಯಾಡ. ನಿನಗ ಬೇಕಾಗೇತಿ ಅದು."

ಕಾಕಾ ಬಿಟ್ಟ. ಆಯಿ ಮುತ್ಯಾನಿಗೆ, ಹುಡುಗನನ್ನು ಕರೆದುಕೊಂಡು ಹೊರಟಿರುವುದಾಗಿ, ಸಂತೆಗೆ ಹೊರಟವಳು ಹೇಳುವ ದನಿಯಲ್ಲೇ ಹೇಳಿದಳು. ಎತ್ತು ಹೂಡಿದವನು ನನ್ನ ಅಪ್ಪ. ಕಾಲು ಹಿಡಿದಿದ್ದ ಅದೇ ಕೈಗಳು ನೊಗ ಕಟ್ಟಿದವು. ಬೇಡ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ನಾನೂ ಚಕ್ಕಡಿ ಹತ್ತಿ ಆಯಿಯ ಬಾಜೂ ಕೂತೆ.

ಈಗ ನೀವು ಘಟಪ್ರಭಾ ಎನ್ನುವ ಊರನ್ನು ಆಗ ಗೋಕಾಕ ರೋಡ ಎನ್ನುತ್ತಿದ್ದರು. ಅದನ್ನು ದಾಟಿ, ಹೊಳೆ ದಾಟಿ, ಅರಭಾವಿಯ ಮೇಲೆ ಹಾದು ಕಲ್ಲೋಳಿ ಮುಟ್ಟಿದೆವು. ವಸ್ತಾದನ ಹೊಲದಲ್ಲಿ ನಾಲ್ಕೂ ಕಡೆ ತೆರೆದ ಒಂದು ಗುಡಿಸಲು. ಅವನು ಅರಿಸಿನ ಕಲಸಿ ತಂಗಿಯ ಬೆನ್ನು ತೊಳೆಯಲು ಕೂತ. ತೊಳೆಯುತ್ತಿದ್ದವನು ನಡುವೆ ನಿಂತು, ಗಾಯ ತಪ್ಪಿಸಿ, ಅವಳ ಬೆನ್ನಿಗೆ ಕಿವಿ ಹಚ್ಚಿದ. ಕಾಕಾನ ಬೆನ್ನಿಗೆ ಕಿವಿ ಇಟ್ಟದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದ.

"ತಂಗೀ, ನಿನ್ನ ದಮ್ಮು ಅವನದಕಿಂತ ಹಳೇದೈತಲ್ಲ."

"ಸುಮ್ನಿರೋ ಅಣ್ಣಾ," ಎಂದಳು ಆಯಿ, ಕಾಕಾನ ಕಡೆ ನೋಡಿ. "ಹುಡುಗ ಕೇಳತಾನ."

ಆಗ ನನಗೆ ಒಂದೊಂದೇ ನೆನಪಾಯಿತು. ಆಯಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಮಗನನ್ನು ಕಾಯುತ್ತಾಳೆ ಎಂದುಕೊಂಡಿದ್ದೆವು. ವಖಾರಿಯ ಕಸ ಹೊಡೆಯುವ ಕೆಲಸ ಮದುವೆಯಾಗಿ ಬಂದ ದಿನದಿಂದ ಅವಳದೇ. ಇಡೀ ಮನೆ ಕಾಕಾನ ಎದೆಯ ಸಪ್ಪಳ ಕೇಳುತ್ತಿದ್ದಾಗ ಅವಳದು ಯಾರಿಗೂ ಕೇಳಿಸಿರಲಿಲ್ಲ.

ಆ ಗುಡಿಸಲಿನ ದಿನಗಳನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ನಸುಕಿನಲ್ಲಿ ಎದ್ದು ಬದುವಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂಡುವುದು, ಮೂಗಿನಿಂದ ಉಸಿರೆಳೆದು ನಿಧಾನವಾಗಿ ಬಿಡುವುದು. ಜೋಳದ ರೊಟ್ಟಿ, ಹತ್ತರಕಿ ಸೊಪ್ಪು, ಮಜ್ಜಿಗೆ. ಹೊತ್ತು ಮುಳುಗಿದರೆ ಒಲೆಗೆ ರಜಾ. ಬೈಗುಳವಿಲ್ಲ, ಸಾಮಾನಿಲ್ಲ, ಮುಚ್ಚಿಡುವುದಕ್ಕೆ ಏನೂ ಇಲ್ಲ. ಶುರುವಿನಲ್ಲಿ ಕಾಕಾ ಉಸಿರು ಬಿಡಲಾರದೆ ಸಿಟ್ಟಾಗಿ ಎದೆ ಗುದ್ದಿಕೊಳ್ಳುತ್ತಿದ್ದ, ವಸ್ತಾದ ಅವನ ಕೈ ಹಿಡಿದು ಕೂಡುತ್ತಿದ್ದ. ಮುಂಗಾರು ಬರುವಷ್ಟರಲ್ಲಿ ಸೀಟಿ ಸಣ್ಣದಾಯಿತು. ಜೋಳ ತೆನೆ ಕಟ್ಟುವಷ್ಟರಲ್ಲಿ ಬಾವಿಯಿಂದ ತುಂಬಿದ ಕೊಡ ಹೊತ್ತು, ಬದುವಿನ ಮೇಲೆ ಮಾತಾಡುತ್ತಲೇ ಬರುತ್ತಿದ್ದ. ಆಯಿ ಅವನನ್ನು ನಿಲ್ಲಿಸಿ ಇನ್ನೊಂದಿಷ್ಟು ಮಾತಾಡು ಎನ್ನುತ್ತಿದ್ದಳು. ಯಾವ ಮಾತಾದರೂ ಸರಿ, ಅವನು ನಡುವೆ ನಿಲ್ಲಿಸದೆ ಹೇಳುವುದನ್ನು ಕೇಳಬೇಕಿತ್ತು ಅವಳಿಗೆ. ಅವಳೂ ನಮ್ಮ ಜೊತೆ ಬದುವಿನ ಮೇಲೆ ಕೂಡುತ್ತಿದ್ದಳು. ಎಳೆದ ಉಸಿರು ಬಿಡಲು ಬಾರದೆ ನಗುತ್ತಿದ್ದಳು. ಅವಳಿಗೆ ತಡವಾಗಿತ್ತು. ಸುಗ್ಗಿಯ ಮೊದಲೇ ಒಂದು ಬೆಳಿಗ್ಗೆ ಅಲ್ಲೇ ಕೂತಿದ್ದವಳು ಹಾಗೇ ವಸ್ತಾದನ ಹೆಗಲಿಗೆ ಒರಗಿದಳು, ಮತ್ತೆ ಏಳಲಿಲ್ಲ.

ಹೇಳಿ ಕಳಿಸಿದ ಮೇಲೆ ಮುತ್ಯಾ ಬಂದ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅಯ್ಯನವರು ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಯಿಯನ್ನು ಕುಣಿಯಲ್ಲಿ ಕೂಡಿಸಿದ್ದರು. ಮುತ್ಯಾ ಅಂಚಿನಲ್ಲಿ ನಿಂತು ಬಗ್ಗಿ ನೋಡಿದ. ಇವಳಿಗೂ ದಮ್ಮಿತ್ತಂತೆ ಎಂದು ಈಗ ಹೇಳುತ್ತಾರೆ, ಇದ್ದರೆ ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದ. ಆ ದನಿಯಲ್ಲಿ ಇನ್ನೂ ಸ್ವಲ್ಪ ಗದರಿಕೆ ಇತ್ತು.

"ಹೇಳಿದ್ರ ಆಕಿಗೂ ಬರಿ ಹಾಕಸ್ತಿದ್ದಿ, ಅಪ್ಪಾ," ಎಂದ ಕಾಕಾ.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮುತ್ಯಾನ ಕೈ ಮೇಲೆದ್ದದ್ದನ್ನು ನಾನು ನೋಡಿದೆ, ಹೊಡೆಯಲೋ ಹಿಡಿದುಕೊಳ್ಳಲೋ ತಿಳಿಯಲಿಲ್ಲ. ಅದು ಹಾಗೇ ಕೆಳಗಿಳಿಯಿತು. ಮಣ್ಣು ಹಾಕಲು ಶುರು ಮಾಡಿದಾಗ ಅವನು ಬಾಯಿ ತೆರೆದ, ಅಳು ಬರಲಿಲ್ಲ, ಎಳೆದ ಉಸಿರು ಒಳಗೇ ಸಿಕ್ಕಿಕೊಂಡು ಕುತ್ತಿಗೆಯ ನರ ಉಬ್ಬಿದವು. ಕುಸಿಯುತ್ತಿದ್ದವನನ್ನು ಕಾಕಾ ಹಿಡಿದು ಕೂಡಿಸಿದ, ಹಿಂದೆ ಕೂತು ಬೆನ್ನಿಗೆ ಅಂಗೈ ಒತ್ತಿದ.

"ಬಾಯಿ ಮುಚ್ಚು. ಮೂಗಿಲೆ ತಗೋ," ಎಂದ. "ಸಾವಕಾಶ ಬಿಡು."

ಮುತ್ಯಾ ಹೇಳಿದ ಹಾಗೆ ಮಾಡಿದ. ಇನ್ನೊಬ್ಬರು ಹೇಳಿದ್ದನ್ನು ಆ ಮನುಷ್ಯ ಕೇಳಿದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಅದನ್ನು ನೋಡಲು ಆಯಿ ಇರಲಿಲ್ಲ.