ಏಳನೆಯ ಸಾಲಿನ ಕಿಂಡಿ

ಈಗೀಗ ಯಾವ ಗೋಡೆ ಕಂಡರೂ ನನ್ನ ಕಣ್ಣು ಮೊದಲು ಹುಡುಕುವುದು, ಅದರಲ್ಲಿ ಕಾಲಿಡಲು ಎಲ್ಲಿ ಜಾಗವಿದೆ ಎಂದು. ಸಂತೆಕಟ್ಟೆಯಲ್ಲಿ ಬಸ್ಸು ನಿಂತರೆ ಎದುರಿನ ಮಹಡಿಯ ಕಿಟಕಿ ಸರಳುಗಳನ್ನು ಎಣಿಸುತ್ತೇನೆ. ನೆಂಟರ ಮನೆಗೆ ಹೋದರೆ ಬಾಲ್ಕನಿಯ ಕಂಬಿಗಳ ನಡುವೆ ಮುಷ್ಟಿ ತೂರಿಸಿ ನೋಡುತ್ತೇನೆ. ಅವರು ಕಾಫಿ ತರುವ ಹೊತ್ತಿಗೆ ಕೈ ಅಲ್ಲೇ ಸಿಕ್ಕಿಕೊಂಡದ್ದೂ ಉಂಟು.

ನಾನು ಮಣಿಪಾಲದಲ್ಲಿ ಕಟ್ಟಡ ವಿನ್ಯಾಸ ಕಲಿತು, ಅಲ್ಲೇ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವವಳು. ಕಾಪು ಬಳಿಯ ಶಿಶುವಿಹಾರವೊಂದು ನನ್ನ ಪಾಲಿಗೆ ಬಂದಾಗ, ಮಗುವಿನ ಕಣ್ಣಿನ ಎತ್ತರ ತಿಳಿಯಲೆಂದು ಎರಡು ದಿನ ಕಚೇರಿಯಲ್ಲಿ ಮಂಡಿಯೂರಿ ಓಡಾಡಿದೆ. ಮೂರನೆಯ ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕಿಟಕಿಗಳನ್ನೆಲ್ಲ ಕೆಳಗಿಳಿಸಿದೆ. ಹಳೆಯ ಬಸದಿಗಳ ಬಾಗಿಲು ತಗ್ಗಾಗಿರುವುದು ದೊಡ್ಡವರು ತಲೆ ಬಾಗಲಿ ಎಂದಂತೆ. ಆ ಬಾಗಿಲು ಚಿಕ್ಕವರಿಗೆ ಏನು ಹೇಳುತ್ತದೆಂದು ಯಾರೂ ಕೇಳಿಲ್ಲವಲ್ಲ ಎಂದು ನನ್ನಷ್ಟಕ್ಕೆ ನಾನೇ ಬೀಗಿದೆ. ಪುಟ್ಟ ಪಾದಗಳಿಗೆ ತಂಪಾಗಿರಲಿ ಎಂದು ಕಾರ್ಕಳದ ಶಿಲೆ ಹಾಸಿಸಿದೆ. ಜಗಲಿಯ ಒಂದು ಬದಿಗೆ ಕೆಂಪುಕಲ್ಲಿನ ಎತ್ತರದ ಗೋಡೆ, ಗಾಳಿಯಾಡಲು ಅದರಲ್ಲಿ ಸಾಲು ಸಾಲು ಕಿಂಡಿ. ಕಟ್ಟಡವೇ ಮಗುವನ್ನು ಕರೆಯಬೇಕು ಎಂದು ನಕ್ಷೆಯ ಮೂಲೆಯಲ್ಲಿ ಬರೆದೂ ಇದ್ದೆ.

ಕರೆಯಿತು. ನಾಲ್ಕು ವರ್ಷದ ಶ್ರಾವ್ಯ ಹೋದಳು.

ಶಾಲೆ ತೆರೆದು ಎರಡು ವಾರವಾಗಿತ್ತು. ನನ್ನ ಕಟ್ಟಡ ಹೇಗೆ ನಡೆಯುತ್ತಿದೆ ಎಂದು ನೋಡಲು ಹೋದವಳು ಜಗಲಿಗೆ ಬಂದರೆ, ಅವಳು ಏಳನೆಯ ಸಾಲಿನ ಕಿಂಡಿಯಲ್ಲಿ ಕಾಲಿಟ್ಟು ನಿಂತಿದ್ದಳು. ನಾನು ಚಾಚಿದ ಕೈಗೂ ಸಿಗದಷ್ಟು ಮೇಲೆ. ಕೆಳಗೆ ನನ್ನದೇ ತಂಪು ಕಲ್ಲು. ಶಾಲೆ ತೆರೆದ ದಿನ ಕೇಳಿ ತಿಳಿದಿದ್ದ ಹೆಸರು ಬಾಯಿಗೆ ಬಂತು, “ಶ್ರಾವ್ಯಾ” ಎಂದು ಕಿರುಚಿದೆ. ಸಂಸ್ಕಾರವಂತ ಮಗು, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ತಿರುಗಿದಳು. ಒಂದು ಕೈ ಜಾರಿತು. ಗಾಳಿಯಲ್ಲಿ ಬಿಚ್ಚಿಕೊಂಡ ಆ ಐದು ಬೆರಳುಗಳು. ಅವಳು ಬೀಳಲಿಲ್ಲವೆಂದು ನನಗೆ ಗೊತ್ತು. ಆದರೂ ದಿನಕ್ಕೆ ನಾಲ್ಕಾರು ಬಾರಿ ಮನಸ್ಸು ಅಲ್ಲಿಗೆ ಓಡಿಹೋಗಿ, ಬೀಳಲಿಲ್ಲವಷ್ಟೆ ಎಂದು ವಿಚಾರಿಸಿಕೊಂಡು ಬರುತ್ತದೆ.

ಅಷ್ಟರಲ್ಲಿ ಈರುಳ್ಳಿ ವಾಸನೆಯ ಕೈಯೊಂದು ನನ್ನ ಬಾಯಿ ಮುಚ್ಚಿತ್ತು. ಆಯಾ ಲೀಲಕ್ಕ. ಮಕ್ಕಳು ಮಲಗುವ ಹಾಸಿಗೆಗಳನ್ನು ಗೋಡೆಯ ಬುಡಕ್ಕೆ ಎಳೆದು, ಕೈ ಚಾಚಿ ಸುಮ್ಮನೆ ನಿಂತರು. ಶ್ರಾವ್ಯ ಒಂದೊಂದೇ ಕಿಂಡಿ ಹುಡುಕಿ ಇಳಿದಳು. ಯಾಕೆ ಹತ್ತಿದೆ ಎಂದರೆ, ಅಪ್ಪ ಕಾಣುತ್ತಾರಾ ಎಂದು ನೋಡಲಿಕ್ಕೆ ಎಂದಳು. ಅಪ್ಪ ಸುಂದರಣ್ಣ ತೆಂಗಿನಕಾಯಿ ಕೀಳುವವರು. ನಾನು ಮಂಡಿಯೂರಿ ಅಳೆದ ಕಿಟಕಿಗಳಿಂದ ಮರದ ಬುಡ ಕಾಣುತ್ತದೆ. ಅಪ್ಪ ಇರುವುದು ತುದಿಯಲ್ಲಿ.

“ಮೇಲೆ ಇದ್ದವರನ್ನು ಹೆಸರು ಹಿಡಿದು ಕರೆಯಬಾರದು ಮೇಡಂ” ಎಂದರು ಲೀಲಕ್ಕ. “ಬೈಯಲಿಕ್ಕೆ ಇಳಿದ ಮೇಲೆ ಬೇಕಾದಷ್ಟು ಸಮಯ ಉಂಟು.”

ಕಿಂಡಿಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಲು ಶಾಲೆಯ ಸಮಿತಿ ಪತ್ರ ಸಿದ್ಧಪಡಿಸಿತು. ನನ್ನ ಸಹಿಯೊಂದೇ ಬಾಕಿ. ಹಾಕುವವಳೇ ಇದ್ದೆ. ಸುಂದರಣ್ಣ ಬಂದವರು, ಮರ ನೋಡುವಂತೆ ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. “ಎಲ್ಲ ಮುಚ್ಚಿದರೆ ಅವಳು ಗೇಟು ಹತ್ತುತ್ತಾಳೆ. ಕೆಳಗಿನ ಮೂರು ಸಾಲು ಬಿಡಿ, ಆಡಲಿ. ತುದಿಯದ್ದು ಗಾಳಿಗೆ. ನಡುವಿನದ್ದು ಮುಚ್ಚಿ. ಬುಡದಲ್ಲಿ ದಪ್ಪಕ್ಕೆ ಕಡಲ ಹೊಯ್ಗೆ ಹಾಕಿ, ಬಿದ್ದರೂ ಮೆತ್ತಗೆ.” ಐದು ವರ್ಷದ ಓದಿನಲ್ಲಿ ಇಷ್ಟು ಸ್ಪಷ್ಟ ವಿನ್ಯಾಸವನ್ನು ನಾನು ಕೇಳಿರಲಿಲ್ಲ. ಪತ್ರವನ್ನು ಹಾಗೆಯೇ ತಿದ್ದಿದೆ. ಜೊತೆಗೆ ನನ್ನದೂ ಒಂದು ಸಾಲು ಸೇರಿಸಿದೆ: ಅಗಲ ಮೆಟ್ಟಿಲು, ಅದರ ಮೇಲೆ ಮರದ ತುದಿ ಕಾಣುವ ಒಂದು ಕಿಟಕಿ.

ಆ ಕಿಟಕಿ ಎಲ್ಲಿ ಬರಬೇಕೆಂದು ತಿಳಿಯಲು, ಗಾರೆಯವರು ಬರುವ ಹಿಂದಿನ ಸಂಜೆ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನಾನೇ ಗೋಡೆ ಹತ್ತಿದೆ. ಕಿಂಡಿಯಾಚೆ ತೆಂಗಿನ ತಲೆಗಳು, ಒಂದರ ಹಿಂದೆ ಒಂದು, ಕಡಲಿನವರೆಗೂ. ನೋಡಿಯಾಯಿತು. ಇಳಿಯಲು ಹೋದರೆ ಕಾಲಿಗೆ ಕಿಂಡಿ ಸಿಗದು. ಆಗ ಹಿಂದಿನಿಂದ ಹಾಸಿಗೆ ಎಳೆಯುವ ಸದ್ದು ಕೇಳಿತು. ಮತ್ತೆ ಏನೂ ಇಲ್ಲ. ಯಾರೂ ನನ್ನನ್ನು ಕರೆಯಲಿಲ್ಲ. ಆ ಮೌನದಲ್ಲಿ ಕಾಲು ನಿಧಾನವಾಗಿ ತನ್ನ ಕಿಂಡಿ ಹುಡುಕಿಕೊಂಡಿತು.

ಎರಡೂ ಪಾದ ನೆಲಕ್ಕೆ ತಾಗಿದ ಮೇಲೆಯೇ ಲೀಲಕ್ಕ ಬೈಯಲು ಶುರುಮಾಡಿದರು.